ಮ್ಯೂನಿಕ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವಂಥ, ಒಳ್ಳೆ ವ್ಯೂ ಇರುವ ಐದು ಬೆಟ್ಟ ಹೇಳುತ್ತೀರಾ? ಅಕ್ಟೋಬರ್ ಕೊನೆಯ ಭಾನುವಾರ ಬಿಡುವಿದೆ. ಕಾರಿಲ್ಲ. ಕುಮಾರ ಪರ್ವತ ಹತ್ತಿದ್ದೇನೆ. ಬೆಳಿಗ್ಗೆ ಆರಾಮಾಗಿ ಎದ್ದು, ತಿಂಡಿ ಮುಗಿಸಿ ಹೊರಡುವ ಹಾಗಿರಲಿ.

ನಿಮ್ಮ ಪ್ರಶ್ನೆಯ ಕೊನೆಗೆ "ಬೆಳಿಗ್ಗೆ ಆರಾಮಾಗಿ ಎದ್ದು, ತಿಂಡಿ ಮುಗಿಸಿ ಹೊರಡುವ ಹಾಗಿರಲಿ" ಅಂತ ಒಂದು ಸಾಲಿದೆ. ಅದನ್ನು ಓದುತ್ತಿದ್ದ ಹಾಗೆ ನನ್ನ ಬಲಗಾಲಿನ ಕೀಲು ಚುರುಕ್ ಎಂದಿತು. 2019ರಲ್ಲಿ ನಾನೂ ಹೀಗೇ ಇದ್ದೆ. ಇದೇ ಊರು, ಇದೇ ಭಾನುವಾರ, ಇದೇ ಕುಮಾರ ಪರ್ವತದ ಜಂಬ. ಆದ್ದರಿಂದ ಐದು ಬೆಟ್ಟದ ಪಟ್ಟಿ ಕೊಡುವುದಿಲ್ಲ. ಒಂದು ಗುಡ್ಡದ ಕಥೆ ಹೇಳುತ್ತೇನೆ.

ನಾನು ಸೊರಬದ ಕಡೆಯವಳು. ಕಾಡು, ಏರು, ಜಾರುವ ದಾರಿ ನನಗೆ ಹೊಸದಲ್ಲ. ಓದಲು ಮ್ಯೂನಿಕ್‌ಗೆ ಬಂದಿದ್ದು ಆ ವರ್ಷದ ಏಪ್ರಿಲ್ ಮೊದಲ ವಾರ. ಈ ತಿಂಗಳನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಬೇಸಿಗೆ ಪೂರ್ತಿ ಬೆಟ್ಟ ಸುತ್ತಿದೆ. ಜುಲೈನಲ್ಲಿ ಹೆರ್ಟ್ಸೋಗ್‌ಸ್ಟಾಂಡ್ ಹತ್ತಿದೆ. ವಾಲ್ಶೆನ್‌ಸೇ ಎಂಬ ಹಸಿರು ಮಿಶ್ರಿತ ನೀಲಿ ಸರೋವರದ ನೆತ್ತಿಯ ಮೇಲೆ ನಿಂತ ಬೆಟ್ಟ ಅದು, 1731 ಮೀಟರ್. ನಮ್ಮ ಕುಮಾರ ಪರ್ವತ 1712. "ಹತ್ತೊಂಬತ್ತು ಮೀಟರ್ ಜಾಸ್ತಿ ಕಣಪ್ಪಾ" ಅಂತ ಅಪ್ಪನಿಗೆ ಫೋಟೊ ಕಳಿಸಿದ್ದೆ. ಸರೋವರವೇ 800 ಮೀಟರ್ ಎತ್ತರದಲ್ಲಿದೆ, ಹತ್ತಿದ್ದು ಉಳಿದ ಒಂಬೈನೂರು ಚಿಲ್ಲರೆಯಷ್ಟೇ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಆವತ್ತು ನಾನು ಹತ್ತಲು ಶುರು ಮಾಡಿದ್ದೇ ಮಧ್ಯಾಹ್ನ. ಏನೂ ಆಗಲಿಲ್ಲ. ಜುಲೈನಲ್ಲಿ ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಅಲ್ಲಿಂದ ಮುಂದೆ ಹನ್ನೆರಡಕ್ಕೆ ಹೊರಡುವುದೇ ಅಭ್ಯಾಸ ಆಯಿತು.

ಅಕ್ಟೋಬರ್ 20ರ ಭಾನುವಾರ ಹೆರ್ಶಿಂಗ್‌ಗೆ ಹೋಗಿದ್ದೆ. ಎಸ್8 ರೈಲಿನ ಕೊನೆಯ ಸ್ಟೇಷನ್. ಅಲ್ಲಿಂದ ಕೀನ್‌ಟಾಲ್ ಎಂಬ ಕಣಿವೆಯೊಳಗೆ ತೊರೆಯ ಪಕ್ಕದಲ್ಲೇ ನಡೆದರೆ ಒಂದು ಗಂಟೆಯಲ್ಲಿ ಆಂಡೆಕ್ಸ್ ಮಠ. ಸಂಜೆ ಇಳಿದು ಬಂದು ಆಮರ್‌ಸೇ ಸರೋವರದ ದಂಡೆಯಲ್ಲಿ ಕೂತೆ. ಎದುರು ದಡದಲ್ಲಿ ಹೊತ್ತು ಮುಳುಗುವುದನ್ನು ನೋಡಿದೆ. ಗಡಿಯಾರ ನೋಡಿದಾಗ ಆರು ದಾಟಿ ಹತ್ತು ನಿಮಿಷ. ತಲೆಯಲ್ಲಿ ಅದು ಕೂತುಬಿಟ್ಟಿತು. ಅಕ್ಟೋಬರ್ ಕೊನೆ ಅಂದರೆ ಆರಕ್ಕೆ ಸಂಜೆ, ಆರೂವರೆವರೆಗೆ ದಾರಿ ಕಾಣುತ್ತದೆ. ಒಂದು ವಾರದಲ್ಲಿ ಎಷ್ಟು ಬದಲಾದೀತು? ಹತ್ತು, ಹದಿನೈದು ನಿಮಿಷ?

ಇಲ್ಲೇ ನಾನು ಕೆಟ್ಟಿದ್ದು. ಸ್ವಲ್ಪ ಉದ್ದ ಆಗುತ್ತದೆ, ಕೇಳಿ.

ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಮೂರಕ್ಕೆ ಇಲ್ಲಿನ ಗಡಿಯಾರವನ್ನು ಎರಡಕ್ಕೆ ತಿರುಗಿಸುತ್ತಾರೆ. ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ಇಟ್ಟಿದ್ದನ್ನು ವಾಪಸ್ ತರುವುದು. ನಾನು ಬಂದಿದ್ದು ಏಪ್ರಿಲ್‌ನಲ್ಲಿ, ಮುಂದಕ್ಕೆ ಇಟ್ಟಿದ್ದನ್ನು ನೋಡಿರಲಿಲ್ಲ. ಹಿಂದಕ್ಕೆ ತರುವುದು ಗೊತ್ತಿತ್ತು. ಕ್ಲಾಸಿನಲ್ಲಿ ಎಲ್ಲರೂ "ಒಂದು ಗಂಟೆ ನಿದ್ದೆ ಫ್ರೀ" ಅಂತ ಖುಷಿ ಪಡುತ್ತಿದ್ದರು, ನಾನೂ ಪಟ್ಟೆ. ಆ ಒಂದು ಗಂಟೆ ಎಲ್ಲಿಂದ ಬಂತು ಅಂತ ಮಾತ್ರ ಯೋಚಿಸಲಿಲ್ಲ. ಅದು ಸಂಜೆಯಿಂದ ಬಂದಿತ್ತು. ಸೂರ್ಯ ಗಡಿಯಾರ ನೋಡಿ ಮುಳುಗುವುದಿಲ್ಲ ತಾನೇ. ಹಿಂದಿನ ದಿನ ಆರರ ಹೊತ್ತಿಗೆ ಮುಳುಗಿದವನು ಈವತ್ತು ಐದರ ಹೊತ್ತಿಗೇ ಮುಳುಗುತ್ತಾನೆ. ಫೋನು ತನ್ನಷ್ಟಕ್ಕೆ ಗಂಟೆ ಬದಲಿಸಿಕೊಂಡಿತ್ತು. ಗೋಡೆ ಗಡಿಯಾರ ಇದ್ದು, ಸ್ಟೂಲ್ ಹತ್ತಿ ನಾನೇ ಮುಳ್ಳು ತಿರುಗಿಸಿದ್ದರೆ ಬಹುಶಃ ಹೊಳೆಯುತ್ತಿತ್ತೇನೋ.

ನಮ್ಮ ಕಡೆ ಹೊತ್ತು ಮುಳುಗುವುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ವರ್ಷವಿಡೀ ಆರರಿಂದ ಏಳರ ಒಳಗೆ. ದೀಪ ಹಚ್ಚುವ ಹೊತ್ತು ಅಂದರೆ ಅದೇ. ಮ್ಯೂನಿಕ್‌ನಲ್ಲಿ ಜೂನ್‌ನಲ್ಲಿ ಒಂಬತ್ತೂಕಾಲು, ಡಿಸೆಂಬರ್‌ನಲ್ಲಿ ನಾಲ್ಕೂಕಾಲು ದಾಟಿದ ಮೇಲೆ. ಐದು ಗಂಟೆ ಫರಕು. ಅದರಲ್ಲಿ ಒಂದು ಗಂಟೆ ಒಂದೇ ರಾತ್ರಿಯಲ್ಲಿ ಬಿದ್ದುಹೋಗುತ್ತದೆ.

ಸರಿ, 27ನೇ ತಾರೀಕು. ಆಗಷ್ಟೇ ಬಂದಿದ್ದ ಧಾರವಾಡದ ಹುಡುಗನೊಬ್ಬ ನಮ್ಮ ಹಾಸ್ಟೆಲ್‌ನಲ್ಲಿದ್ದ. ಅವನನ್ನೂ ಹೊರಡಿಸಿದೆ. ಆರಿಸಿದ ದಾರಿ ಟೇಗರ್ನ್‌ಸೇ ಸರೋವರದಿಂದ ಶ್ಲೀರ್‌ಸೇ ಸರೋವರಕ್ಕೆ. ಒಂದು ರೈಲ್ವೆ ಸ್ಟೇಷನ್‌ನಿಂದ ಹತ್ತಿ ಇನ್ನೊಂದಕ್ಕೆ ಇಳಿಯುವುದು, ಬಂದ ದಾರಿಯಲ್ಲೇ ತಿರುಗಿ ಬರಬೇಕಿಲ್ಲ. ನಡುವೆ ನಾಯ್‌ರಾಯ್ಟ್ ಎಂಬ ಗುಡ್ಡ, 1260 ಮೀಟರ್ ಚಿಲ್ಲರೆ. ಕುಮಾರ ಪರ್ವತದ ಮುಂದೆ ಲೆಕ್ಕಕ್ಕೇ ಇಲ್ಲ. ಒಟ್ಟು ನಾಲ್ಕೈದು ಗಂಟೆಯ ನಡಿಗೆ.

ಆರಾಮಾಗಿ ಎದ್ದೆವು. ಚಿತ್ರಾನ್ನ ಕಲಸಿದೆ. ಹನ್ನೊಂದರ ಮೇಲೆ ರೈಲು. ಟೇಗರ್ನ್‌ಸೇ ತಲುಪಿದಾಗ ಹನ್ನೆರಡು ದಾಟಿತ್ತು. ಬಿಸಿಲು ಹೇಗಿತ್ತೆಂದರೆ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡೆವು. ನೀರಿನ ಪಕ್ಕ ಅರ್ಧ ಗಂಟೆ ಸುಮ್ನೆ ಕೂತೆವು. ಹತ್ತಲು ಶುರು ಮಾಡಿದ್ದು ಒಂದಕ್ಕೆ. ಎರಡೂವರೆಗೆ ಮೇಲೆ. ಅಲ್ಲಿ ಒಂದು ಹೋಟೆಲ್ ಇದೆ, ಹೊರಗೆ ಉದ್ದುದ್ದ ಬೆಂಚು. ಕೆಳಗೆ ಇಡೀ ಸರೋವರ, ಎದುರಿಗೆ ವಾಲ್‌ಬೆರ್ಗ್ ಬೆಟ್ಟ, ಅದರ ಹಿಂದೆ ಸಾಲುಸಾಲು. ವ್ಯೂ ವಿಷಯದಲ್ಲಿ ನಾನು ಈಗಲೂ ತಕರಾರು ತೆಗೆಯುವುದಿಲ್ಲ. ಚಿತ್ರಾನ್ನ ಚೀಲದಲ್ಲೇ ಉಳಿಯಿತು, ಕೈಸರ್‌ಶ್ಮಾರ್ನ್ ತರಿಸಿದೆವು. ಮೊಟ್ಟೆ ಹಾಕಿದ ದಪ್ಪ ಸಿಹಿ ದೋಸೆಯನ್ನು ಚೂರುಚೂರು ಮಾಡಿ, ಸಕ್ಕರೆ ಪುಡಿ ಉದುರಿಸಿ, ಬೇಯಿಸಿದ ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಜನ ಜಾಸ್ತಿ ಇದ್ದರು, ಬರುವುದು ತಡ ಆಯಿತು.

ಮೂರೂವರೆ ಹೊತ್ತಿಗೆ ಬೆಂಚುಗಳು ಖಾಲಿಯಾಗತೊಡಗಿದವು. ಹುಡುಗ ಕೇಳಿದ, "ಅಕ್ಕಾರ, ಎಲ್ಲಾರೂ ಇಳಿಯಾಕತ್ತಾರಲ್ಲ?"

"ಊಟ ಆಯ್ತು, ಮನೆಗೆ ಹೋಗ್ತಾರೆ" ಅಂದೆ.

ಬೆಟ್ಟದಲ್ಲೇ ಹುಟ್ಟಿ ಬೆಳೆದ ಮುದುಕರು, ಮಕ್ಕಳನ್ನು ಕಟ್ಟಿಕೊಂಡವರು, ಎಲ್ಲರೂ ಒಟ್ಟಿಗೇ ಎದ್ದು ಹೊರಟಿದ್ದರು. ಅವರ ಜೊತೆ ಬಂದ ದಾರಿಯಲ್ಲೇ ಇಳಿದಿದ್ದರೆ ಐದರ ಒಳಗೆ ಸ್ಟೇಷನ್‌ನಲ್ಲಿ ಇರುತ್ತಿದ್ದೆವು. ನಾವಿಬ್ಬರೇ ಉಲ್ಟಾ ದಿಕ್ಕಿಗೆ ಹೊರಟೆವು. ಗಿಂಡೆಲ್‌ಆಲ್ಮ್ ಎಂಬ ಹುಲ್ಲುಗಾವಲು, ಬೇಸಿಗೆಯಲ್ಲಿ ದನ ಮೇಯಿಸುವ ಜಾಗ, ಅಲ್ಲಿಗೆ ಬರುವಾಗ ನಾಲ್ಕೂಮುಕ್ಕಾಲು. ಬೆಳಕು ಕೆಂಪಾಗಿತ್ತು. "ಏನ್ ಬಣ್ಣ ನೋಡೋ" ಅಂತ ಇನ್ನೂ ಹತ್ತು ನಿಮಿಷ ಫೋಟೊ ತೆಗೆದೆ. ಅದು ಮುಳುಗುವ ಬಣ್ಣ ಅಂತ ತಲೆಗೆ ಹೋಗಲಿಲ್ಲ. ಆರೂಕಾಲಿಗೆ ಶ್ಲೀರ್‌ಸೇಯಲ್ಲಿ ಇರುತ್ತೇವೆ, ಹೋದ ಭಾನುವಾರ ಆರೂಕಾಲಿಗೆ ಎಲ್ಲ ಕಾಣುತ್ತಿತ್ತಲ್ಲ. ನನ್ನ ಲೆಕ್ಕ ಅಷ್ಟೇ.

ಕಾಡಿನೊಳಗೆ ಇಳಿದ ಇಪ್ಪತ್ತು ನಿಮಿಷಕ್ಕೆ ನನ್ನ ಬೂಟು ನನಗೇ ಕಾಣುತ್ತಿರಲಿಲ್ಲ. ಬೀಚ್ ಮರಗಳು ಎಲೆ ಉದುರಿಸುವ ಕಾಲ. ತರಗೆಲೆ ಮೊಣಕಾಲಿನ ಅರ್ಧದವರೆಗೆ ಬಿದ್ದಿರುತ್ತದೆ, ಕೆಳಗೆ ಬೇರು ಯಾವುದು ಕಲ್ಲು ಯಾವುದು ಗೊತ್ತಾಗುವುದಿಲ್ಲ. ನನ್ನ ಫೋನಿನಲ್ಲಿ ಬ್ಯಾಟರಿ 9 ಪರ್ಸೆಂಟ್, ಫೋಟೊ ಪುಣ್ಯ. ಅವನ ಫೋನಿನ ಟಾರ್ಚ್ ಒಂದೇ. ಅವನು ಮುಂದೆ, ನಾನು ಅವನ ನೆರಳಿನಲ್ಲಿ. ಒದ್ದೆ ಬೇರಿನ ಮೇಲೆ ಬಲಗಾಲು ಇಟ್ಟೆ, ಅದು ಒಳಕ್ಕೆ ಮಡಚಿತು. ಲಟಕ್ ಎಂಬ ಸದ್ದು ಅವನಿಗೂ ಕೇಳಿಸಿತಂತೆ.

112ಕ್ಕೆ ಫೋನ್ ಮಾಡೋಣ ಅಂದ. ಬೇಡ ಅಂದೆ. ಹೆಲಿಕಾಪ್ಟರ್ ಬರುತ್ತದೆ, ಸಾವಿರಾರು ಯೂರೊ ಬಿಲ್ ಕೈಗಿಡುತ್ತಾರೆ ಅಂತ ಯಾರೋ ಹೇಳಿದ್ದು ತಲೆಯಲ್ಲಿತ್ತು. ಇದು ಶುದ್ಧ ದಡ್ಡತನ. ಮುಕ್ಕಾಲು ಗಂಟೆ ಅಲ್ಲೇ ಕೂತು ತಣ್ಣಗಿನ ಚಿತ್ರಾನ್ನ ತಿಂದೆವು. ಕೊನೆಗೆ ಹಣೆಗೆ ಟಾರ್ಚ್ ಕಟ್ಟಿಕೊಂಡ ಅಜ್ಜನೊಬ್ಬ ನಾಯಿ ಕರೆದುಕೊಂಡು ಬಂದ. ಅವನ ಬವೇರಿಯನ್ ಮಾತು ನಮಗಿಬ್ಬರಿಗೂ ಅರ್ಥ ಆಗಲಿಲ್ಲ, ಬೈಯುತ್ತಿದ್ದಾನೆ ಅಂತ ಮಾತ್ರ ಆಯಿತು. ತನ್ನ ಕೋಲು ನನಗೆ ಕೊಟ್ಟು, ಇಬ್ಬರನ್ನೂ ರಸ್ತೆವರೆಗೆ ಇಳಿಸಿ, ತನ್ನ ಕಾರಿನಲ್ಲಿ ಸ್ಟೇಷನ್‌ಗೆ ಬಿಟ್ಟ.

ಲಿಗಮೆಂಟ್ ಹರಿದಿತ್ತು. ಆರು ವಾರ ಊರುಗೋಲು. ಚಿಕಿತ್ಸೆಗೆ ವಿಮೆ ಇತ್ತು. ನಿಜವಾಗಿ ಹೋಗಿದ್ದು ಕೆಲಸ. ಒಂದು ಬೇಕರಿಯಲ್ಲಿ ಪಾರ್ಟ್ ಟೈಂ ಸೇರಿ ಎರಡೇ ವಾರ ಆಗಿತ್ತು. ಇಲ್ಲಿ ಕಾಯಿಲೆ ಬಿದ್ದರೂ ಸಂಬಳ ಕೊಡಬೇಕೆಂಬ ಕಾನೂನಿದೆ, ಆದರೆ ಸೇರಿದ ಮೊದಲ ನಾಲ್ಕು ವಾರಕ್ಕೆ ಅದು ಅನ್ವಯಿಸುವುದಿಲ್ಲ. ನಿಂತು ಮಾಡುವ ಕೆಲಸ, ನಿಲ್ಲಲು ಕಾಲಿಲ್ಲ. ಬೇರೆಯವರನ್ನು ತೆಗೆದುಕೊಂಡರು. ಅವರದ್ದು ತಪ್ಪು ಅನ್ನಲಾರೆ. ಆ ಚಳಿಗಾಲದ ಬಾಡಿಗೆಗೆ ಅಪ್ಪನ ಹತ್ತಿರ ಕೈ ಚಾಚಿದೆ, ಹತ್ತೊಂಬತ್ತು ಮೀಟರ್ ಜಾಸ್ತಿ ಅಂತ ಫೋಟೊ ಕಳಿಸಿದ್ದ ಅದೇ ಅಪ್ಪನ ಹತ್ತಿರ.

ಈಗ ನಿಮ್ಮ ವಿಷಯ. "ಕುಮಾರ ಪರ್ವತ ಹತ್ತಿದ್ದೇನೆ" ಎನ್ನುವುದು ಇಲ್ಲಿ ಏನನ್ನೂ ಹೇಳುವುದಿಲ್ಲ. ನಿಮ್ಮ ಕಾಲಿನ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಭಟ್ಟರ ಮನೆ ಇದೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ, ತಡವಾದರೆ ಮೇಲೆ ಬಿಡುವುದಿಲ್ಲ. ಇಲ್ಲಿ ಗೇಟೂ ಇಲ್ಲ, ಗಾರ್ಡೂ ಇಲ್ಲ. ಹಳದಿ ಬೋರ್ಡ್ ಮೇಲೆ ಇಷ್ಟು ಗಂಟೆ ಅಂತ ಬರೆದಿರುತ್ತದೆ, ಬೆಟ್ಟದ ದಾರಿಗೆ ಬಣ್ಣ ಇರುತ್ತದೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಉಳಿದಿದ್ದು ನಿಮಗೆ ಬಿಟ್ಟಿದ್ದು. ಕುಮಾರ ಪರ್ವತದಂಥದ್ದೇ ಇನ್ನೊಂದು ಬೇಕು ಅಂತ ಹುಡುಕುವುದನ್ನು ಬಿಡಿ.

ಆ ಭಾನುವಾರ ಬೆಟ್ಟಕ್ಕೆ ಹೋಗಲೇಬೇಡಿ ಎನ್ನುವುದು ನನ್ನ ಅಭಿಪ್ರಾಯ. ತಡವಾಗಿ ಏಳುವುದು ಮುಖ್ಯವಾದರೆ ಆಂಡೆಕ್ಸ್‌ಗೆ ಹೋಗಿ. ಮಠದವರೇ ಬಿಯರ್ ತಯಾರಿಸುತ್ತಾರೆ, ಕುಡಿಯದಿದ್ದರೂ ಇಗರ್ಜಿ ನೋಡುವಂಥದ್ದು, ಸಂಗೀತಗಾರ ಕಾರ್ಲ್ ಆರ್ಫ್ ಸಮಾಧಿ ಅಲ್ಲೇ ಇದೆ. ಇಲ್ಲದಿದ್ದರೆ ಎಸ್7 ಹಿಡಿದು ಇಕ್ಕಿಂಗ್‌ನಲ್ಲಿ ಇಳಿಯಿರಿ, ಇಸಾರ್ ನದಿ ಕಣಿವೆಯಲ್ಲಿ ಶೆಫ್ಟ್‌ಲಾರ್ನ್ ಮಠದವರೆಗೆ ನಡೆಯಿರಿ. ಎಂಟನೇ ಶತಮಾನದಲ್ಲಿ ಶುರುವಾದ ಮಠ ಅದು. ಆಲ್ಪ್ಸ್ ಕಾಣಲೇಬೇಕು ಅಂದರೆ ಟುಟ್ಸಿಂಗ್ ಸ್ಟೇಷನ್‌ನಿಂದ ಇಲ್ಕಾಹೋಹೆ ಎಂಬ ದಿಬ್ಬಕ್ಕೆ ಹೋಗಿ. ಬರೀ ದಿಬ್ಬ, ಆದರೆ ಸರೋವರ, ಅದರಾಚೆ ಇಡೀ ಬೆಟ್ಟದ ಸಾಲು ಕಾಣುತ್ತದೆ. ಮೂರೂ ಕಡೆ ಕತ್ತಲಾಗುವುದರೊಳಗೆ ಸ್ಟೇಷನ್ ಸಿಗುತ್ತದೆ.

ಟೇಗರ್ನ್‌ಸೇ–ಶ್ಲೀರ್‌ಸೇ ದಾರಿ ಮೇ, ಜೂನ್‌ಗೆ ಇಟ್ಟುಕೊಳ್ಳಿ. ಹಠ ಇದ್ದರೆ ಈಗಲೂ ಹೋಗಿ, ಆದರೆ ಒಂಬತ್ತಕ್ಕೆ ಹತ್ತಲು ಶುರು ಮಾಡಿರಬೇಕು. ದುಬಾರಿ ಬೂಟು ಆಮೇಲೆ, ಮೊದಲು ಹಣೆಗೆ ಕಟ್ಟುವ ಟಾರ್ಚ್. 112ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ. ಬಿಲ್ಲಿನ ಹೆದರಿಕೆ ಇದ್ದರೆ ಜರ್ಮನ್ ಆಲ್ಪೈನ್ ಕ್ಲಬ್ ಸದಸ್ಯರಾಗಿ, 1869ರಲ್ಲಿ ಮ್ಯೂನಿಕ್‌ನಲ್ಲೇ ಹುಟ್ಟಿದ ಸಂಘ, ಸದಸ್ಯತ್ವದಲ್ಲೇ ಬೆಟ್ಟದ ರಕ್ಷಣೆಯ ವಿಮೆ ಸೇರಿರುತ್ತದೆ. ನಾನು ಬಿದ್ದ ಮೇಲೆ ಆದೆ.

ಇನ್ನೊಂದು, ಬೇಸಿಗೆಗೆ ಮುಂಚೆ ಉಣುಗಿನ ಲಸಿಕೆ ಹಾಕಿಸಿಕೊಳ್ಳಿ. ಇಲ್ಲಿನ ಹುಲ್ಲಿನಲ್ಲಿರುವ ಉಣುಗು ಮಿದುಳಿನ ಜ್ವರ ತರುತ್ತದೆ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್ಸಿನ ಹತ್ತಿರದ ನೆಂಟ ಆ ಜ್ವರದ ವೈರಸ್ಸು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರು ನಗುತ್ತಾರೆ, ನಗಲಿ.

ಟಿಕೆಟ್‌ಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಸಾಕು, ಈ ಎಲ್ಲ ರೈಲಿಗೂ ನಡೆಯುತ್ತದೆ. ಟೇಗರ್ನ್‌ಸೇ ರೈಲು ಹತ್ತುವಾಗ ಮಾತ್ರ ಬೋಗಿಯ ಮೇಲಿನ ಊರಿನ ಹೆಸರು ಓದಿ ಹತ್ತಿ. ದಾರಿಯಲ್ಲಿ ಹೋಲ್ಟ್ಸ್‌ಕಿರ್ಶೆನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ರೈಲನ್ನು ಬಿಡಿಸಿ ಬೇರೆ ಬೇರೆ ಕಡೆಗೆ ಕಳಿಸುತ್ತಾರೆ. ತಪ್ಪು ಬೋಗಿಯಲ್ಲಿ ಕೂತರೆ ಲೆಂಗ್‌ಗ್ರೀಸ್‌ನಲ್ಲಿ ಇಳಿಯುತ್ತೀರಿ. ಅದೂ ಆಗಿದೆ ನನಗೆ. ಧಾರವಾಡದ ಹುಡುಗ ಈಗ ಹ್ಯಾಂಬರ್ಗ್‌ನಲ್ಲಿದ್ದಾನೆ. ಪ್ರತಿ ವರ್ಷ ಅಕ್ಟೋಬರ್ ಕೊನೆಯ ಶನಿವಾರ ರಾತ್ರಿ ಅವನ ಮೆಸೇಜ್ ಬರುತ್ತದೆ: "ಅಕ್ಕಾರ, ನಾಳೆ ಐದಕ್ಕ ಕತ್ತಲ."