ಮಾಂಟ್ರಿಯಲ್‌ನ ಹಳೇ ಡೈನರ್‌ನಲ್ಲಿ ಮಾಂಸ ಇಲ್ಲದ ಪೂಟಿನ್

ಮಾಂಸ ತಿನ್ನದವರು ಕೆನಡಾದ ಮಾಂಟ್ರಿಯಲ್‌ನ ಹಳೇ ಡೈನರ್‌ಗಳಲ್ಲಿ, ಅಂದರೆ ಸಣ್ಣ ಹೋಟೆಲ್‌ಗಳಲ್ಲಿ, ಪೂಟಿನ್ ತಿನ್ನಬಹುದಾ ಅಂತ ಕೇಳಿದ್ದೀರಿ. ತಿನ್ನಬಹುದು, ಆದರೆ ವಿಚಾರಿಸಿ ತಿನ್ನಿ. ಬಿಸಿ ಫ್ರೈಸ್, ಮೇಲೆ ಚೀಸ್ ತುಂಡು, ಅದರ ಮೇಲೆ ಗ್ರೇವಿ, ಅಷ್ಟೇ ಪೂಟಿನ್. ಎಡವಟ್ಟು ಇರೋದು ಗ್ರೇವಿಯಲ್ಲಿ. ಅದನ್ನು ಸಾಮಾನ್ಯವಾಗಿ ಕೋಳಿ ಅಥವಾ ದನದ ಮಾಂಸದ ಸಾರಿನಿಂದ ಮಾಡುತ್ತಾರೆ.

ರಾಶೆಲ್ ರಸ್ತೆಯ ಲಾ ಬಾಂಕೀಸ್‌ಗೆ ಹೋಗಿ. 1968ರಲ್ಲಿ ಐಸ್‌ಕ್ರೀಮ್ ಅಂಗಡಿಯಾಗಿ ಶುರುವಾದ ಜಾಗ ಅದು. ಅಲ್ಲಿ ಮಾಂಸವಿಲ್ಲದ ಸಾಸ್ ಕೇಳಿ ಹಾಕಿಸಿಕೊಳ್ಳಬಹುದು. ಚೀಸ್ ತಾಜಾ ಇದ್ದರೆ ಕಚ್ಚಿದಾಗ ಹಲ್ಲಿನಡಿ ಕಿಚ್ ಅನ್ನುತ್ತೆ. ಸದ್ದು ಬರಲಿಲ್ಲ ಅಂದರೆ ಚೀಸ್ ಹಳೇದು ಅಂದುಕೊಳ್ಳಿ! ತಂದ ತಕ್ಷಣ ತಿನ್ನಿ, ತಣ್ಣಗಾದರೆ ಮೆತ್ತಗಾಗಿ ಮುದ್ದೆಯಾಗುತ್ತೆ. ಚೀಸ್ ಮಾಡಲು ಹಾಲು ಗಟ್ಟಿಯಾಗಲಿ ಅಂತ ಹಾಕುವ ರೆನೆಟ್ ಪ್ರಾಣಿಯದ್ದೂ ಇರಬಹುದು, ಕಟ್ಟುನಿಟ್ಟು ಜಾಸ್ತಿ ಇದ್ದರೆ ಅದನ್ನೂ ಕೇಳಿ.

1932ರಿಂದ ಇರುವ ವಿಲೆನ್ಸ್‌ಕೀಸ್ ಅನ್ನೋ ಡೈನರ್ ಕೂಡ ಹಳೇ ಕಾಲದ ಸೊಗಸಿನದ್ದೇ. ಅವರ ಹೆಸರುವಾಸಿ ಸ್ಯಾಂಡ್‌ವಿಚ್ ನಿಮಗಾಗಲ್ಲ, ಅದರಲ್ಲಿ ಸಲಾಮಿ ಅನ್ನೋ ಮಾಂಸ ಇರುತ್ತೆ. ಸುಮ್ನೆ ಕೌಂಟರ್ ಮುಂದೆ ಕೂತು ಸೋಡಾ ಕುಡಿದು ಬನ್ನಿ.

ಇನ್ನೊಂದು, ಬಿಲ್ ನೋಡಿ ಗಾಬರಿಯಾಗಬೇಡಿ. ಮೆನು ಬೆಲೆಯ ಮೇಲೆ ಸುಮಾರು 15% ತೆರಿಗೆ, ಟಿಪ್ ಬೇರೆ.