ವರ್ಷಕ್ಕೆ ಹತ್ತು ಸಲ ತೋಟಕ್ಕೆ ಹೋಗೋಕೆ ಫೋರ್ ಬೈ ಫೋರ್ ಎಸ್‌ಯುವಿ ಬೇಕಾ? ಬೇಕಿದ್ದರೆ ಯಾವುದು?

ನೀವು ಕೇಳಿದ್ದು ಇಷ್ಟು: ವಾಸ ಬೆಂಗಳೂರಲ್ಲಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮಂಡಿನೋವಿನ ಅಮ್ಮ. ಮೂಡಿಗೆರೆ ಹತ್ತಿರ ತೋಟ. ವರ್ಷಕ್ಕೆ ಎಂಟು-ಹತ್ತು ಸಲ ಓಡಾಟ. ಕೊನೆಯ ಮೂರು ಕಿಲೋಮೀಟರ್ ಮಣ್ಣಿನ ದಾರಿ, ಮಳೆಗಾಲದಲ್ಲಿ ಈಗಿನ ಕಾರು ಮೇಲೆ ಹತ್ತಲ್ಲ. ಯಾವ ಫೋರ್ ಬೈ ಫೋರ್ (ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗೋ ಗಾಡಿ, ಫೋರ್ ವೀಲ್ ಅನ್ನೋದೂ ಇದನ್ನೇ) ತಗೊಳ್ಳಲಿ ಅಂತ.

ನಮ್ಮದೂ ಹೆಚ್ಚುಕಡಿಮೆ ಇದೇ ಕಥೆ, ಊರು ಮಾತ್ರ ಸಕಲೇಶಪುರದ ಕಡೆ. ಮೊದಲ ಸಲ ತಪ್ಪು ಗಾಡಿ ತಗೊಂಡೆ. ಎರಡನೇ ಸಲ ಸರಿಯಾದದ್ದು ತಗೊಂಡೆ. ಆಮೇಲೆ ಗೊತ್ತಾಯ್ತು, ತಲೆ ಸ್ವಲ್ಪ ಓಡಿಸಿದ್ದರೆ ಮೊದಲನೆಯದರಲ್ಲೇ ಮುಕ್ಕಾಲು ಪಾಲು ಕೆಲಸ ಆಗ್ತಿತ್ತು ಅಂತ. ಹಾಗಾಗಿ ಮಾಡೆಲ್ ಹೆಸರುಗಳಿಗೆ ಆಮೇಲೆ ಬರ್ತೀನಿ.

ಮೊದಲನೆಯದು ನೋಡೋಕೆ ಭರ್ಜರಿ ಎಸ್‌ಯುವಿ. ಎತ್ತರ ಇತ್ತು, ಗೇರ್ ಪಕ್ಕ ಕೆಸರಿಗೆ ಅಂತಲೇ ಒಂದು ಮೋಡ್ ಇತ್ತು. "ಮಡ್‌ಗೆಲ್ಲ ಯೋಚನೆನೇ ಬೇಡ ಸರ್" ಅಂದಿದ್ದ ಶೋರೂಂ ಹುಡುಗ. ಜುಲೈನಲ್ಲಿ ಒಂದು ಸಂಜೆ, ಮನೆ ಇನ್ನು ಅರ್ಧ ಕಿಲೋಮೀಟರ್ ಇರುವಾಗ, ಏರಿನ ಮಧ್ಯದ ತಿರುವಲ್ಲಿ ನಿಂತುಹೋಯ್ತು. ಎಡಗಡೆ ಮುಂದಿನ ಚಕ್ರ ಗಿರ್ರನೆ ಸುತ್ತುತ್ತೆ, ಉಳಿದ ಮೂರೂ ಸತ್ಯಾಗ್ರಹ ಮಾಡಿಕೊಂಡು ಕೂತಿವೆ. ಬ್ರೇಕ್ ಹಿಡಿದರೆ ಗಾಡಿ ಮೆಲ್ಲಗೆ ಚರಂಡಿ ಕಡೆ ಜಾರುತ್ತೆ. ಹಿಂದೆ ಅಮ್ಮ, ತೊಡೆ ಮೇಲೆ ಮಗು. ಕೊನೆಗೆ ಪಕ್ಕದ ತೋಟದ ಹಳೇ ಜೀಪು ಬಂದು ಹಗ್ಗ ಕಟ್ಟಿ ಎಳೆಯಿತು. ಆ ಜೀಪಿಗೆ ಫೋರ್ ವೀಲ್ ಇರಲಿಲ್ಲ! ಹಿಂದಿನ ಎರಡು ಚಕ್ರಕ್ಕೆ ಸರಪಳಿ ಸುತ್ತಿದ್ದರು, ಅಷ್ಟೆ.

ಆ ಸರಪಳಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಇಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಎಷ್ಟು ಚಕ್ರಕ್ಕೆ ಹೋಗಲಿ, ಟಯರು ನೆಲ ಕಚ್ಚದಿದ್ದರೆ ಅದು ಗಾಳಿಗೆ ಹೋದ ಹಾಗೆ. ನಮ್ಮ ಕಡೆಯ ಕೆಂಪು ಜೇಡಿಮಣ್ಣು ಮಳೆಗೆ ಬೆಣ್ಣೆಯಂತಾಗಿ, ಹೆದ್ದಾರಿ ಟಯರಿನ ಸಣ್ಣ ಗೀರುಗಳಲ್ಲಿ ತುಂಬಿಕೊಳ್ಳುತ್ತೆ. ಎರಡು ಸುತ್ತು ಸುತ್ತುವಷ್ಟರಲ್ಲಿ ಟಯರು ಬೋಳು. ಎಚ್‌ಟಿ ಅಂದರೆ ಈ ಹೆದ್ದಾರಿ ಟಯರು, ಹೆಚ್ಚಿನ ಗಾಡಿಗಳು ಇದರಲ್ಲೇ ಬರುತ್ತವೆ. ಎಟಿ ಅಂದರೆ ಆಲ್ ಟೆರೇನ್: ಗಟ್ಟೆಗಳ ಮಧ್ಯೆ ಜಾಗ ಜಾಸ್ತಿ, ಮಣ್ಣು ಉದುರಿಹೋಗುತ್ತೆ. ಎಂಟಿ ಅಂದರೆ ಪಕ್ಕಾ ಕೆಸರಿನದು. ಬೆಂಗಳೂರಿಂದ ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರೋರಿಗೆ ಅದು ಬೇಡ. ಸದ್ದು ಜೋರು, ಒದ್ದೆ ಟಾರಿನಲ್ಲಿ ಹಿಡಿತ ಕಮ್ಮಿ. ಯಾವ ಗಾಡಿ ತಗೊಂಡರೂ ನಾಲ್ಕಕ್ಕೂ ಒಂದೇ ಅಳತೆಯ ಎಟಿ ಹಾಕಿಸಿ. ಕೆಸರು ಶುರುವಾಗುವ ಕಡೆ ಗಾಳಿಯನ್ನು 22-24 ಪಿಎಸ್‌ಐಗೆ ಇಳಿಸಿ. ಟಯರು ಅಗಲವಾಗಿ ಕೂತು ಹಿಡಿತ ಎಷ್ಟೋ ಜಾಸ್ತಿಯಾಗುತ್ತೆ. ಟಾರು ಸೇರೋ ಮುಂಚೆ ಮತ್ತೆ ತುಂಬಿಸಲೇಬೇಕು, ಅದಕ್ಕೆ ಡಿಕ್ಕಿಯಲ್ಲಿ 12 ವೋಲ್ಟಿನ ಸಣ್ಣ ಪಂಪ್ ಇರಲಿ.

ಇನ್ನು ಫೋರ್ ವೀಲ್ ವಿಚಾರ. ಮೊದಲ ಮೋಸ ಹೆಸರಲ್ಲೇ ಇದೆ. ಎಸ್‌ಯುವಿ ಅಂದ ಮಾತ್ರಕ್ಕೆ ಫೋರ್ ವೀಲ್ ಡ್ರೈವ್ ಅಲ್ಲ. ನಮ್ಮಲ್ಲಿ ಮಾರುವ ಕ್ರೆಟಾ, ಸೆಲ್ಟೋಸ್, ಡೀಸೆಲ್ ಹ್ಯಾರಿಯರ್, ಡೀಸೆಲ್ ಸಫಾರಿ ಎಲ್ಲವೂ ಮುಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಕೊಡೋವು. ಒಳ್ಳೆಯ ಗಾಡಿಗಳೇ, ಆದರೆ ಅವುಗಳಲ್ಲಿ ಟೆರೇನ್ ಮೋಡ್ ಅಂತ ಇದ್ದರೆ ಅದು ಬ್ರೇಕು, ಆಕ್ಸಿಲರೇಟರು ಕೆಲಸ ಮಾಡುವ ರೀತಿ ಬದಲಿಸುತ್ತೆ, ಹಿಂದಿನ ಚಕ್ರ ತಿರುಗಿಸಲ್ಲ. ಭಾರ ತುಂಬಿಕೊಂಡು ಏರು ಹತ್ತುವಾಗ ತೂಕವೆಲ್ಲ ಹಿಂದಕ್ಕೆ ಬಂದು ಮುಂದಿನ ಚಕ್ರ ಹಗುರಾಗುತ್ತೆ. ನಾವು ಆ ತಿರುವಲ್ಲಿ ನಿಂತದ್ದು ಅದಕ್ಕೇ. ಅಮ್ಮನ ಎರಡು ಮೂಟೆ ಸಾಮಾನು ಬೇರೆ ಹಿಂದೆಯೇ ಇತ್ತು.

ಎರಡನೆಯದು, ನಾಲ್ಕೂ ಚಕ್ರ ತಿರುಗೋ ಗಾಡಿಗಳಲ್ಲೂ ಎರಡು ಜಾತಿ. ಮಾರುತಿ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್, ಟೊಯೋಟಾ ಹೈರೈಡರ್‌ನ ಎಡಬ್ಲ್ಯುಡಿ (ಆಲ್ ವೀಲ್ ಡ್ರೈವ್) ಥರದವು ಒಂದು ಜಾತಿ. ಮಾಮೂಲಿ ಕಾರಿನ ಹಾಗೇ ಓಡ್ತವೆ, ಚಕ್ರ ಜಾರಿದಾಗ ತಾವೇ ಹಿಂದಕ್ಕೂ ಶಕ್ತಿ ಕಳಿಸುತ್ತವೆ. ಚಾಲಕನಿಗೆ ಏನೂ ಗೊತ್ತಿರಬೇಕಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಯ ಒದ್ದೆ ಟಾರಿನ ತಿರುವುಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ಇವೇ. ಆದರೆ ಲೋ ರೇಂಜ್, ಅಂದರೆ ಚಕ್ರವನ್ನು ನಿಧಾನವಾಗಿ, ಜಾಸ್ತಿ ಬಲದಿಂದ ತಿರುಗಿಸೋ ಇನ್ನೊಂದು ಗೇರ್ ಜೋಡಿ, ಇಲ್ಲ.

ಇನ್ನೊಂದು ಜಾತಿ ಜೀಪಿನ ವಂಶ: ಸ್ಕಾರ್ಪಿಯೋ ಎನ್, ಥಾರ್ ರಾಕ್ಸ್, ಜಿಮ್ನಿ, ಗೂರ್ಖಾ, ಫಾರ್ಚುನರ್. ಚಾಸಿಸ್ ಬೇರೆ, ಮೇಲಿನ ಬಾಡಿ ಬೇರೆ. ಟೂ ಹೈ (ಎರಡೇ ಚಕ್ರಕ್ಕೆ ಶಕ್ತಿ), ಫೋರ್ ಹೈ (ನಾಲ್ಕಕ್ಕೂ, ಮಾಮೂಲಿ ಗೇರಲ್ಲಿ), ಫೋರ್ ಲೋ (ನಾಲ್ಕಕ್ಕೂ, ಲೋ ರೇಂಜಲ್ಲಿ) ಅಂತ ಇರುತ್ತೆ, ನಾವೇ ಹಾಕಬೇಕು. ಫೋರ್ ಲೋ ಹಾಕಿದಾಗ ಇಂಜಿನ್ ಅಷ್ಟೇ ತಿರುಗಿದರೂ ಚಕ್ರ ಬಹಳ ನಿಧಾನ, ಬಹಳ ಬಲವಾಗಿ ತಿರುಗುತ್ತೆ. ಆಕ್ಸಿಲರೇಟರ್ ಒತ್ತದೆ ಕಲ್ಲಿನ ಮೇಲೆ ಹತ್ತುತ್ತೆ. ಹತ್ತೋದಕ್ಕಿಂತ ಅದರ ಬೆಲೆ ಗೊತ್ತಾಗೋದು ಇಳಿಯುವಾಗ. ಜಾರುವ ಇಳಿಜಾರಲ್ಲಿ ಬ್ರೇಕ್ ತುಳಿದರೆ ಗಾಡಿ ಹಿಮದ ಮೇಲಿನ ಜಾರುಬಂಡಿ ಥರ ಹೋಗುತ್ತೆ; ಫೋರ್ ಲೋನಲ್ಲಿ ಮೊದಲ ಗೇರ್ ಹಾಕಿ ಕಾಲು ಎತ್ತಿಬಿಟ್ಟರೆ ಇಂಜಿನ್ನೇ ನಾಲ್ಕೂ ಚಕ್ರ ಹಿಡಿದುಕೊಂಡು ಇಳಿಸುತ್ತೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ.

ಈ ಜಾತಿಯ ಗಾಡಿಯಲ್ಲಿ ಒಂದು ಎಚ್ಚರ: ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಮುಂದೆ ಹಿಂದೆ ಎರಡನ್ನೂ ಒಟ್ಟಿಗೆ ಬಿಗಿದರೆ ಒಳಗಿನ ಶಾಫ್ಟು, ಗೇರು ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ಬಿಗಿಯಾಗಿ ಗಾಡಿ ಹಿಡಿದು ಎಳೆದ ಹಾಗೆ ಅನಿಸಿದರೆ ಅದೇ ಸೂಚನೆ. ಮಣ್ಣಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿ ಮಾಡಿಕೊಳ್ಳುತ್ತೆ.

ಈಗ ಮಾಡೆಲ್‌ಗಳು. ಐದು ಜನ, ಅದರಲ್ಲಿ ಮಂಡಿನೋವಿನವರು ಒಬ್ಬರು ಅಂದಮೇಲೆ ಪಟ್ಟಿ ತಾನೇ ಚಿಕ್ಕದಾಗುತ್ತೆ. ಜಿಮ್ನಿ ನನಗೆ ಇಷ್ಟದ ಗಾಡಿ. ನಾಲ್ಕು ಮೀಟರಿಗಿಂತ ಚಿಕ್ಕದು, ಹಗುರ, ತೋಟದ ಇಕ್ಕಟ್ಟು ದಾರಿಗೆ ಹೇಳಿ ಮಾಡಿಸಿದ್ದು. ಆದರೆ ನಾಲ್ಕೇ ಸೀಟು. ನಿಮಗೆ ಅಲ್ಲಿಗೇ ಮುಗಿಯಿತು. ಗೂರ್ಖಾದ ಐದು ಬಾಗಿಲಿನದರಲ್ಲಿ ಏಳು ಸೀಟು, ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್, ಅಂದರೆ ಒಂದು ಚಕ್ರ ಜಾರಿದರೂ ಅದರ ಜೋಡಿ ಚಕ್ರ ತಿರುಗುವ ಹಾಗೆ ಎರಡನ್ನೂ ಬಿಗಿಯೋ ವ್ಯವಸ್ಥೆ. ದಾರಿಯೇ ಇಲ್ಲದ ಕಡೆಗೂ ಹೋಗುತ್ತೆ. ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಓಡಿಸೋಕೆ, ಅದೂ ಮ್ಯಾನ್ಯುಯಲ್ ಮಾತ್ರ, ಮನೆಯಲ್ಲಿ ಒಪ್ಪುತ್ತಾರಾ ಕೇಳಿ ನೋಡಿ. ಫಾರ್ಚುನರ್ ಬಗ್ಗೆ ಹೇಳಲ್ಲ. ಅದನ್ನು ತಗೊಳ್ಳೋರು ಇಂಥ ಪ್ರಶ್ನೆ ಕೇಳಲ್ಲ.

ಉಳಿದದ್ದು ಮಹೀಂದ್ರದ ಎರಡು. 2024ರ ಆಗಸ್ಟ್‌ನಲ್ಲಿ ಬಂದ ಥಾರ್ ರಾಕ್ಸ್ ಐದು ಸೀಟಿನದು, ಡಿಕ್ಕಿ ದೊಡ್ಡದು, ಫೋರ್ ಬೈ ಫೋರ್ ಡೀಸೆಲ್‌ನಲ್ಲಿ ಮಾತ್ರ. 2022ರಲ್ಲಿ ಬಂದ ಸ್ಕಾರ್ಪಿಯೋ ಎನ್ ಫೋರ್ ಬೈ ಫೋರ್ ಕೂಡ ಡೀಸೆಲ್ ಮಾತ್ರ, ಮೂರು ಸಾಲು ಸೀಟು. ಮೂರನೇ ಸಾಲು ತೆರೆದಿಟ್ಟರೆ ಲಗೇಜಿಗೆ ಜಾಗವೇ ಇಲ್ಲ, ಮಡಚಿದರೆ ಐದು ಜನಕ್ಕೆ ಆರಾಮ. ನಾನು ತಗೊಂಡದ್ದು ಇದನ್ನು, ಮ್ಯಾನ್ಯುಯಲ್. ಕಾರಣ ತಾಂತ್ರಿಕ ಏನಲ್ಲ. ಎರಡನ್ನೂ ನೋಡೋಕೆ ಅಮ್ಮನನ್ನು ಶೋರೂಂಗೆ ಕರೆದುಕೊಂಡು ಹೋಗಿದ್ದೆ. ಎರಡೂ ಎತ್ತರವೇ, ಆದರೆ ಸ್ಕಾರ್ಪಿಯೋ ಎನ್‌ನ ಮೆಟ್ಟಿಲು ಮತ್ತು ಹಿಡಿಕೆ ಅವರ ಕೈಕಾಲಿಗೆ ಹೊಂದಿಕೊಂಡವು. ನಿಮ್ಮ ಅಮ್ಮನಿಗೆ ಉಲ್ಟಾ ಆಗಬಹುದು. ಹತ್ತಿಸಿ ಇಳಿಸಿ, ಮೂರು ಸಲ. ಒಂದು ಸಲ ಉತ್ಸಾಹದಲ್ಲಿ ಯಾರು ಬೇಕಾದರೂ ಹತ್ತುತ್ತಾರೆ. ಅಗಲವನ್ನೂ ನೋಡಿಕೊಳ್ಳಿ, ಸ್ಕಾರ್ಪಿಯೋ ಎನ್ 1917 ಮಿಲಿಮೀಟರ್ ಇದೆ, ಕನ್ನಡಿ ಬಿಟ್ಟು. ನಮ್ಮ ತೋಟದ ಗೇಟಿನ ಒಂದು ಕಂಬ ಕಿತ್ತು ನೆಡಬೇಕಾಯ್ತು.

2025ರಲ್ಲಿ ಬಂದ ಹ್ಯಾರಿಯರ್ ಇವಿಯಲ್ಲಿ ಮುಂದೊಂದು ಹಿಂದೊಂದು ಮೋಟಾರಿರುವ ಫೋರ್ ವೀಲ್ ಮಾಡೆಲ್ ಇದೆ. ಮಳೆಗಾಲದಲ್ಲಿ ನಿಮ್ಮ ತೋಟದಲ್ಲಿ ಕರೆಂಟ್ ಎಷ್ಟು ದಿನ ಇರುತ್ತೆ ಅಂತ ನಿಮಗೇ ಗೊತ್ತು.

ದುಡ್ಡಿನ ಲೆಕ್ಕದಲ್ಲಿ ಎಕ್ಸ್ ಶೋರೂಂ ಬೆಲೆ ನೋಡಿ ಕುಣಿಯಬೇಡಿ. ಕರ್ನಾಟಕದಲ್ಲಿ 10 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ. 17, 20 ಲಕ್ಷ ದಾಟಿದರೆ ಶೇ. 18, ಆ ತೆರಿಗೆಯ ಮೇಲೆ ಸೆಸ್ ಬೇರೆ. ಒಂದೇ ಗಾಡಿಯಲ್ಲಿ ಟೂ ವೀಲ್‌ಗಿಂತ ಫೋರ್ ವೀಲ್‌ಗೆ ಸುಮಾರು ಎರಡು ಲಕ್ಷ ಜಾಸ್ತಿ ಬೀಳುತ್ತೆ.

ಆ ಎರಡು ಲಕ್ಷದ ಬಗ್ಗೆಯೇ ನನಗೆ ಈಗಲೂ ಹೊಟ್ಟೆಯುರಿ. ನಮ್ಮ ಮೂರು ಕಿಲೋಮೀಟರಿನಲ್ಲಿ ನಿಜವಾಗಿ ಕೆಟ್ಟದ್ದು ಆ ತಿರುವಿನ ಎಂಬತ್ತು ಮೀಟರ್ ಅಷ್ಟೆ. ಗಾಡಿ ತಗೊಂಡ ಮರುವರ್ಷ ಅಕ್ಕಪಕ್ಕದ ಮೂರು ಮನೆಯವರು ಸೇರಿ ಅಲ್ಲಿ ಚಕ್ರದ ಜಾಡಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದೆವು, ಪಕ್ಕದಲ್ಲಿ ನೀರು ಹೋಗೋಕೆ ಚರಂಡಿ ತೆಗೆಸಿದೆವು. ಈಗ ಆ ತಿರುವಲ್ಲಿ ಭಾವನ ಆಲ್ಟೋ ಕೂಡ ಹತ್ತುತ್ತೆ! ದಾರಿ ನಿಮ್ಮದೇ ಅಥವಾ ಪಾಲುದಾರಿಕೆಯದಾದರೆ ಮೊದಲು ಈ ಲೆಕ್ಕ ಹಾಕಿ. ಪಂಚಾಯಿತಿ ರಸ್ತೆ ಅಥವಾ ಕಾಡಿನ ಅಂಚಿನದ್ದಾದರೆ ನಿಮ್ಮ ಕೈಯಲ್ಲಿಲ್ಲ, ಗಾಡಿಯೇ ಗತಿ.

ಇನ್ನು ಫೋರ್ ಬೈ ಫೋರ್ ಇದ್ದರೆ ಕೊಡಚಾದ್ರಿ, ಮಾಂದಲಪಟ್ಟಿಗೂ ಹೋಗಬಹುದಲ್ಲ ಅಂತ ಬರೆದಿದ್ದೀರಿ. ಅದಕ್ಕಾಗಿ ಗಾಡಿ ತಗೋಬೇಡಿ. ಎರಡೂ ಕಡೆ ಬಾಡಿಗೆ ಜೀಪು ಸಿಗುತ್ತವೆ. ಆ ಡ್ರೈವರ್‌ಗಳಿಗೆ ಪ್ರತಿ ಕಲ್ಲೂ ಗೊತ್ತು. ಇಪ್ಪತ್ತು ಲಕ್ಷದ ಗಾಡಿಯ ತಳವನ್ನು ಆ ಕಲ್ಲುಗಳಿಗೆ ಪರಿಚಯ ಮಾಡಿಸುವ ಅಗತ್ಯ ಇಲ್ಲ. ಹಳ್ಳ ದಾಟುವ ವಿಷಯವೂ ಅಷ್ಟೆ. ಥಾರ್ ರಾಕ್ಸ್‌ಗೆ 650 ಮಿಲಿಮೀಟರ್ ನೀರು ದಾಟುವ ಸಾಮರ್ಥ್ಯ ಅಂತಾರೆ ಕಂಪನಿಯವರು. ರಭಸವಾಗಿ ಹರಿಯೋ ಕೆಂಪು ನೀರಿಗೆ ಆ ಲೆಕ್ಕ ಹಿಡಿಯಬೇಡಿ. ಕೆಳಗೆ ಗುಂಡಿ ಇದೆಯೋ ಬಂಡೆ ಇದೆಯೋ ಕಾಣಲ್ಲ. ಮಳೆ ಜೋರಿದ್ದ ದಿನ ನಾವು ಇವತ್ತಿಗೂ ಗಾಡಿ ಆಚೆ ದಡದಲ್ಲೇ ನಿಲ್ಲಿಸಿ, ಕಾಲುಸಂಕದ ಮೇಲೆ ನಡೆದು ಹೋಗ್ತೀವಿ.

ಹಾಗಾದರೆ ನೀವೇನು ಮಾಡಬೇಕು? ಒಂದು ಕೆಲಸ ಮಾಡಿ. ದಾರಿಯನ್ನು ಜನವರಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಆಗ ಎಲ್ಲ ರಸ್ತೆಯೂ ಒಳ್ಳೆಯ ರಸ್ತೆಯೇ. ಜುಲೈನಲ್ಲಿ ಊರಿನದೇ ಒಂದು ಜೀಪು ಬಾಡಿಗೆಗೆ ಹಿಡಿದು, ಮುಂದಿನ ಸೀಟಲ್ಲಿ ಕೂತು ತೋಟಕ್ಕೆ ಹೋಗಿ ಬನ್ನಿ. ಡ್ರೈವರ್ ಎಲ್ಲಿ ಫೋರ್ ವೀಲ್ ಹಾಕ್ತಾನೆ, ಎಲ್ಲಿ ಲೋ ಹಾಕ್ತಾನೆ, ಎಲ್ಲಿ ಸುಮ್ಮನೆ ಎರಡನೇ ಗೇರಲ್ಲಿ ನುಗ್ಗಿಸ್ತಾನೆ, ನೋಡಿಕೊಳ್ಳಿ. ಅವನು ಗೇರನ್ನೇ ಮುಟ್ಟದೆ ಮನೆ ಮುಂದೆ ನಿಲ್ಲಿಸಿದರೆ ಗ್ರ್ಯಾಂಡ್ ವಿಟಾರಾದಂಥದ್ದಕ್ಕೆ ಒಳ್ಳೆಯ ಟಯರು ಹಾಕಿಸಿ, ಉಳಿದ ದುಡ್ಡು ಕಾಂಕ್ರೀಟಿಗೆ ಇಡಿ. ಲೋ ಹಾಕಿದರೆ, ಅಮ್ಮನನ್ನು ಕರೆದುಕೊಂಡು ಮಹೀಂದ್ರ ಶೋರೂಂಗೆ ಹೋಗಿ.