ಮೀನು ಮಾರ್ಕೆಟ್‌ನ ಒದ್ದೆ ನೋಟು, ಗಡಿಯಾಚೆಯ ಹಳೇ ರುಪಿಯಾ

ಎರಡು ಪ್ರಶ್ನೆ ಕೇಳಿದ್ದೀರಿ. ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಕೈಗೆ ಬರುವ ಒದ್ದೆ, ಹರಕು ನೋಟು ಮುಂದೆ ನಡೆಯುತ್ತದಾ? ಗಡಿಯ ಮಾಜಾಳಿ ದಾಟಿ ಗೋವಾಕ್ಕೆ ಹೋದ ಮೇಲೂ ಮೊದಲಿನಿಂದ ಇದೇ ರೂಪಾಯಿ ಇತ್ತಾ? ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ.

ಇರಲಿಲ್ಲ. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರದ್ದು, ದುಡ್ಡೂ ಅವರದ್ದೇ. ಅಲ್ಲಿಯ ನಾಣ್ಯ ರುಪಿಯಾ. ನಮ್ಮ ರೂಪಾಯಿಗೆ 16 ಆಣೆ ಇದ್ದಂತೆ ಒಂದು ರುಪಿಯಾಗೆ 16 ಟಾಂಗಾ, ಒಂದು ಟಾಂಗಾಗೆ 60 ರೈಸ್. ಹೆಸರು ಬೇರೆಯಾದರೂ ಲೆಕ್ಕ ಒಂದೇ ಆಗಿದ್ದರಿಂದ ಗಡಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಕಡಿಮೆ. ಆಮೇಲೆ ಎಸ್ಕುದೋ ಬಂತು: ಒಂದು ರುಪಿಯಾಗೆ 6 ಎಸ್ಕುದೋ, ಒಂದು ಎಸ್ಕುದೋಗೆ 100 ಸೆಂತಾವೋ. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ 1959ರ 6 ಎಸ್ಕುದೋ ನಾಣ್ಯ ಸಿಕ್ಕರೆ ಅದು ಒಂದು ರುಪಿಯಾದ ಬಿಲ್ಲೆ, 3 ಎಸ್ಕುದೋ ಇದ್ದರೆ ಎಂಟಾಣೆಗೆ ಸಮ. ಆ 3, 6ರ ವಿಚಿತ್ರ ಮುಖಬೆಲೆಗೆ ಕಾರಣವೇ ಇದು.

ಈಚೆ ದಡದಲ್ಲೂ ಅದೇ ಹೊತ್ತಿಗೆ ಲೆಕ್ಕ ಬದಲಾಗಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಆಯಿತು. ಒಂದಾಣೆಗೆ ಆರೂಕಾಲು ಪೈಸೆ ಬರಬೇಕು, ಕಾಲು ಪೈಸೆ ಎಲ್ಲಿಂದ ತರುವುದು? ಬಿಡಿಯಾಗಿ ಒಂದಾಣೆ ಕೊಟ್ಟವರಿಗೆ 6 ಪೈಸೆ, ನಾಲ್ಕಾಣೆ ಒಟ್ಟಿಗೆ ಕೊಟ್ಟರೆ 25. ಅಂದರೆ ಒಂದೊಂದೇ ಆಣೆ ಮುರಿಸಿದ ಬಡವರಿಗೇ ನಷ್ಟ. 'ನಯಾ' ಎಂಬುದು 1964ರಲ್ಲಿ ಬಿದ್ದುಹೋಯಿತು. ನಾಲ್ಕಾಣೆ ಮಾತಿನಲ್ಲಿ ಉಳಿಯಿತು, ಆದರೆ 25 ಪೈಸೆಯ ನಾಣ್ಯ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು.

ಈಗಿನ ನೋಟಿನ ಹಿಂಬದಿಯ ಭಾಷಾಪಟ್ಟಿ ನೋಡಿ. 15 ಸಾಲಿನಲ್ಲಿ ನಾಲ್ಕನೆಯದು ಕನ್ನಡ, ಆರನೆಯದು ಕೊಂಕಣಿ, ಎಂಟನೆಯದು ಮರಾಠಿ. ಕಾರವಾರದ ಪೇಟೆಯಲ್ಲಿ ದಿನವೂ ಕೇಳುವ ಮೂರೂ ಮಾತು ಒಂದೇ ಕಾಗದದ ಮೇಲಿವೆ.

ಈಗ ಒದ್ದೆ ನೋಟು. ನೋಟಿನ ಕಾಗದ ಹತ್ತಿಯದ್ದು, ನೀರಿಗೆ ಬಿದ್ದರೆ ಕರಗುವುದಿಲ್ಲ. ಹಾಳು ಮಾಡುವುದು ಉಪ್ಪು ಮತ್ತು ಮೀನಿನ ಲೋಳೆ. ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ನೋಟು ಎಷ್ಟು ಹರವಿದರೂ ಅಂಟಂಟಾಗಿಯೇ ಇರುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಮೊದಲು ಸಿಹಿ ನೀರಿನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಎರಡು ಒಣಬಟ್ಟೆಯ ನಡುವೆ ಒತ್ತಿ, ಫ್ಯಾನಿನ ಕೆಳಗೆ ಚಪ್ಪಟೆಯಾಗಿ ಹರವಿ. ಇಸ್ತ್ರಿ ಪೆಟ್ಟಿಗೆ ಬೇಡ, ಒಳಗಿನ ಭದ್ರತಾ ಎಳೆ ಬಿಸಿಗೆ ಸುರುಟಿಕೊಳ್ಳುತ್ತದೆ.

ಹರಿದೇ ಹೋದರೆ? ಎರಡು ತುಂಡಾಗಿ, ಎರಡೂ ಅದೇ ನೋಟಿನವಾಗಿದ್ದು ಏನೂ ಕಳೆದಿಲ್ಲವಾದರೆ ಅದನ್ನು ಕೊಳೆ ನೋಟೆಂದೇ ಹಿಡಿಯುತ್ತಾರೆ, ಪೂರ್ತಿ ಬೆಲೆ ಸಿಗುತ್ತದೆ. ಭಾಗ ಕಳೆದಿದ್ದರೆ ಉಳಿದವುಗಳಲ್ಲಿ ಅತಿ ದೊಡ್ಡ ಒಂದೇ ತುಂಡನ್ನು ಅಳೆಯುತ್ತಾರೆ. 20 ರೂಪಾಯಿವರೆಗಿನ ನೋಟಿಗೆ ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. 50 ಮತ್ತು ಮೇಲಿನದಕ್ಕೆ ಶೇ 80 ದಾಟಿದ್ದರೆ ಪೂರ್ತಿ, ಶೇ 40ರಿಂದ 80ರವರೆಗೆ ಅರ್ಧ ಬೆಲೆ. 500ರ ನೋಟು 15 ಸೆಂ.ಮೀ. ಉದ್ದ, 6.6 ಅಗಲ, ಒಟ್ಟು 99 ಚದರ ಸೆಂ.ಮೀ. ಪೂರ್ತಿ ಬೆಲೆಗೆ 80, ಅರ್ಧಕ್ಕೆ 40 ಚದರ ಸೆಂ.ಮೀ. ಬೇಕು. ಬ್ಯಾಂಕಿಗೆ ಹೋಗುವ ಮುಂಚೆ ಸ್ಕೇಲ್ ಇಟ್ಟು ನೋಡಿಕೊಳ್ಳಿ. ಕೊಳೆ ನೋಟು ದಿನಕ್ಕೆ 20ರವರೆಗೆ, ಒಟ್ಟು 5,000 ರೂಪಾಯಿ ಮೀರದಿದ್ದರೆ ಕೌಂಟರಿನಲ್ಲೇ ಪುಕ್ಕಟೆ ಬದಲಾಯಿಸಿಕೊಡಬೇಕು, ಅಲ್ಲಿ ನಿಮ್ಮ ಖಾತೆ ಇರಬೇಕೆಂದಿಲ್ಲ.

ಬಾಂಗಡೆಯ ಬುಟ್ಟಿಯ ಪಕ್ಕದಲ್ಲೂ ಈಗ ಕ್ಯೂಆರ್ ಹಲಗೆ ಇದೆ. ಆದರೂ ಶಿರಸಿ ಘಟ್ಟ ಹತ್ತುವಾಗ ನೆಟ್‌ವರ್ಕ್ ನಂಬಿ ಹೊರಡಬೇಡಿ, ಹತ್ತಿಪ್ಪತ್ತರ ನೋಟು ಇಟ್ಟುಕೊಳ್ಳಿ. 10 ರೂಪಾಯಿ ನಾಣ್ಯ ಯಾರಾದರೂ ಬೇಡವೆಂದರೆ ಜಗಳಕ್ಕಿಳಿಯದೆ ಹೇಳಿ: ಅದರ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ತಿಳಿಸಿದೆ.